ತವರಿನ ಪಟ್ಟಿಯಲ್ಲೂ ಇಲ್ಲ, ಗಂಡನ ಮನೆಯ ಪಟ್ಟಿಯಲ್ಲೂ ಇಲ್ಲ

ಪ್ರಿಯ ಸದಸ್ಯರೇ,

ಊರಿಗೆ ಏನಾದರೂ ಮಾಡೋಣ ಎಂಬ ಮಾತು ಹೊರದೇಶದಲ್ಲಿರುವ ನಮ್ಮ ಕೂಟದಲ್ಲಿ ಬಂದಾಗಲೆಲ್ಲ ಮೊದಲು ಕೇಳಿಬರುವುದು ಆರೋಗ್ಯ ಶಿಬಿರದ ಸಲಹೆ. ಕಣ್ಣಿನ ತಪಾಸಣೆಗೆ, ಸಕ್ಕರೆ ಕಾಯಿಲೆ ಪತ್ತೆಗೆ ಶಿಬಿರದಿಂದ ಉಪಯೋಗವಿದೆ. ಬಸುರಿಯರಿಗೆ, ಹಾಲುಗೂಸುಗಳಿಗೆ ಒಂದು ದಿನದ ಶಾಮಿಯಾನ ಸಾಲದು. ಬಸುರಿಗೆ ಕನಿಷ್ಠ ನಾಲ್ಕು ಸಲ ತಪಾಸಣೆ ಆಗಬೇಕು. ಮಗುವಿಗೆ ಹುಟ್ಟಿದಾಗ, ಆರು, ಹತ್ತು, ಹದಿನಾಲ್ಕನೇ ವಾರಗಳಲ್ಲಿ, ಒಂಬತ್ತು ತಿಂಗಳು ತುಂಬಿದಾಗ, ಮತ್ತೆ 16ರಿಂದ 24 ತಿಂಗಳೊಳಗೆ ಲಸಿಕೆ ಬೀಳಬೇಕು. ಇದಕ್ಕೆ ಹಣ ಬೇಕಿಲ್ಲ, ಸರ್ಕಾರ ಉಚಿತವಾಗಿ ಕೊಡುತ್ತದೆ. ಕರ್ನಾಟಕದ ಹಳ್ಳಿಗಳಲ್ಲಿ ಗುರುವಾರ ಲಸಿಕೆಯ ದಿನ ಎನ್ನುವುದು ಎಲ್ಲರಿಗೂ ಗೊತ್ತು. ಆ ಗುರುವಾರ ಆ ಕೂಸು ಅಲ್ಲಿಗೆ ಬರುವಂತೆ ನೋಡಿಕೊಳ್ಳುವವರು ಬೇಕು.

ಲಸಿಕೆ ತಪ್ಪಿತು ಎಂದರೆ ನಾವು ಥಟ್ಟನೆ ಮೂಢನಂಬಿಕೆಯನ್ನೋ ವಾಟ್ಸಾಪ್ ವದಂತಿಯನ್ನೋ ದೂರುತ್ತೇವೆ. ವದಂತಿಯ ಪೆಟ್ಟು ಸಣ್ಣದಲ್ಲ. 2017ರ ಫೆಬ್ರವರಿಯಲ್ಲಿ ದಢಾರ-ರುಬೆಲ್ಲಾ ಅಭಿಯಾನ ಶುರುವಾದಾಗ ಶಾಲೆಗಳಲ್ಲಿ ಅದು ಕಂಡಿದೆ. ಆದರೆ ಕೆಲಸ ಬಲ್ಲ ಆಶಾ ಕಾರ್ಯಕರ್ತೆಯೊಬ್ಬರ ಜೊತೆ ಕೂತು ಬಾಕಿ ಮಕ್ಕಳ ಪಟ್ಟಿ ತೆಗೆಸಿದರೆ, ಬೇಡವೇ ಬೇಡ ಎಂದ ಮನೆಗಳಿಗಿಂತ ಬೇರೆ ಒಂದು ಸಾಲು ಹೆಚ್ಚಾಗಿ ಕಣ್ಣಿಗೆ ಬೀಳುತ್ತದೆ: ‘ತವರಿಗೆ ಹೋಗಿದ್ದಾರೆ.’

ಚೊಚ್ಚಲ ಬಸುರಿ ಏಳನೇ ತಿಂಗಳಿಗೆ ತವರಿಗೆ ಹೋಗುತ್ತಾಳೆ. ಹೆರಿಗೆ, ಬಾಣಂತನ ಮುಗಿಸಿ ಮೂರನೆಯದೋ ಐದನೆಯದೋ ತಿಂಗಳಲ್ಲಿ ಗಂಡನ ಮನೆಗೆ ಮರಳುತ್ತಾಳೆ. ಬಸುರಿನ ಕೊನೆಯ ಎರಡು ತಪಾಸಣೆ, ಹೆರಿಗೆ, ಹುಟ್ಟಿದಾಗಿನ ಲಸಿಕೆ, ಆಮೇಲಿನ ಮೂರು ಸುತ್ತು ಎಲ್ಲವೂ ಈ ಅವಧಿಯಲ್ಲೇ ಬರುತ್ತವೆ. ಬಸುರಿನ ತಪಾಸಣೆ, ಮಗುವಿನ ಲಸಿಕೆ ಬರೆದಿಡುವ ‘ತಾಯಿ ಕಾರ್ಡ್’ ಮಾಡಿಸಿದ್ದು ಗಂಡನ ಊರಿನಲ್ಲಿ. ಅಲ್ಲಿನ ಆಶಾ, ತವರಿನಲ್ಲಿ ಹಾಕಿಸಿರುತ್ತಾರೆ ಎಂದುಕೊಳ್ಳುತ್ತಾರೆ. ತವರಿನ ಆಶಾಗೆ ಸುಮಾರು ಸಾವಿರ ಜನರ ಜವಾಬ್ದಾರಿ, ಅವರ ಪುಸ್ತಕದಲ್ಲಿ ಈ ಹೆಣ್ಣುಮಗಳ ಹೆಸರು ಮದುವೆಯಾದ ವರ್ಷವೇ ಹೊಡೆದುಹೋಗಿದೆ. ಇಬ್ಬರೂ ತಪ್ಪು ಮಾಡಿಲ್ಲ, ಕೂಸು ಮಾತ್ರ ಯಾರ ಪಟ್ಟಿಯಲ್ಲೂ ಇಲ್ಲ.

ಇದನ್ನು ಸರಿಪಡಿಸಲು ಹೊಸ ಯೋಜನೆ ಬೇಕಿಲ್ಲ. ಹೊರಡುವ ದಿನ ಎಲ್ಲರಿಗೂ ಗೊತ್ತಿರುತ್ತದೆ: ಸೀಮಂತ ಅಥವಾ ಕುಬಸ ಮುಗಿದ ಮೇಲೆ. ಅಂಗನವಾಡಿಗಳಲ್ಲೂ ಈಗ ಸೀಮಂತ ಮಾಡುತ್ತಾರೆ. ಉಡಿ ತುಂಬುವ ಹೊತ್ತಿಗೆ ಅಂಗನವಾಡಿ ಟೀಚರ್, ಆಶಾ, ಹುಡುಗಿಯ ತಾಯಿ ಮೂವರೂ ಅಲ್ಲೇ ಇರುತ್ತಾರೆ. ಆಗಲೇ ತವರೂರಿನ ಆಶಾ ನಂಬರಿಗೆ ಫೋನ್ ಹಚ್ಚಿ ಹೆಸರು ಬರೆಸಬೇಕು. ತಾಯಿ ಕಾರ್ಡಿನ ಪುಟಗಳ ಫೋಟೊ ಕಳಿಸಬೇಕು. ಕೊನೆಯ ಮುಟ್ಟಿನ ದಿನಾಂಕ, ಹೆರಿಗೆಯ ಅಂದಾಜು ದಿನ, ರಕ್ತದ ಗುಂಪು, ಹಿಮೋಗ್ಲೋಬಿನ್, ಬಿಪಿ, ಹಿಂದೆ ಸಿಸೇರಿಯನ್ ಆಗಿದ್ದರೆ ಅದೂ ಫೋಟೊದಲ್ಲಿ ಓದುವಂತೆ ಕಾಣಬೇಕು. ಯಾವ ಆಸ್ಪತ್ರೆಗೆ ಹೋಗುವುದು, ರಾತ್ರಿ ನೋವು ಬಂದರೆ 108ಕ್ಕೆ ಯಾರು ಫೋನ್ ಮಾಡುವುದು ಎಂದು ಅಲ್ಲೇ ಮಾತಾಗಬೇಕು. ಮಗು ಹುಟ್ಟಿದ ಮೇಲೆ ಇದೇ ಫೋನು ಹಿಮ್ಮುಖವಾಗಿ ಬರಬೇಕು. ಯಾವ ಲಸಿಕೆ ಯಾವ ದಿನ ಆಯಿತು, ತಾಯಿ ಯಾವಾಗ ವಾಪಸಾಗುತ್ತಾಳೆ ಎಂಬುದು ಗಂಡನೂರಿನ ಆಶಾಗೆ ತಿಳಿಯಬೇಕು. ಈ ಎರಡನೇ ಫೋನನ್ನೇ ಜನ ಮರೆಯುತ್ತಾರೆ.

ಬಸುರಿನ ಶುರುವಿನಲ್ಲಿ ಇನ್ನೊಂದು ಪದ್ಧತಿ ಎದುರಾಗುತ್ತದೆ. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು ಎನ್ನುವುದು ನಮ್ಮ ಎಷ್ಟೋ ಮನೆಗಳ ಕಟ್ಟುಪಾಡು, ಆದರೆ ಮೊದಲ ತಪಾಸಣೆ 12 ವಾರದೊಳಗೆ ಆಗಬೇಕು. ದೃಷ್ಟಿಯ ಭಯವನ್ನು ಬೈದು ಬಿಡಿಸಲಾಗದು. ಆಶಾಗೆ ಗುಟ್ಟಾಗಿ ಹೇಳಿ, ಊರಿಗೆ ಆಮೇಲೆ ಹೇಳಿ ಎಂದರೆ ಬಹಳ ಅತ್ತೆಯಂದಿರು ಒಪ್ಪುತ್ತಾರೆ. ಆಶಾ ಕೂಡ ಆ ಮಾತನ್ನು ಬಾವಿಕಟ್ಟೆಗೆ ಒಯ್ಯಬಾರದು. ಒಂದು ಸಲ ಸುದ್ದಿ ಸೋರಿದರೆ ಆ ಓಣಿಯಲ್ಲಿ ಮತ್ತೆ ಯಾರೂ ಬೇಗ ಬಾಯಿಬಿಡುವುದಿಲ್ಲ.

ಕಬ್ಬಿಣದ ಮಾತ್ರೆಯ ಕಥೆಯೂ ಹೀಗೆಯೇ. ಬಸುರಿನಲ್ಲಿ ದಿನಕ್ಕೊಂದರಂತೆ 180, ಹೆರಿಗೆಯ ಮೇಲೆ ಮತ್ತೆ 180 ಕೊಡುತ್ತಾರೆ. ಮಲ ಕಪ್ಪಾಗುತ್ತದೆ, ಹೊಟ್ಟೆ ತೊಳಸುತ್ತದೆ, ಮಾತ್ರೆಯ ಹಾಳೆ ಹಾಗೇ ಗೂಡಿನಲ್ಲಿ ಉಳಿಯುತ್ತದೆ. ಮಲ ಕಪ್ಪಾಗುವುದು ಮಾತ್ರೆಯ ಗುಣ, ಅದರಿಂದ ತೊಂದರೆಯಿಲ್ಲ ಎಂದು ಮೊದಲೇ ಹೇಳಬೇಕು. ರಾತ್ರಿ ಊಟವಾದ ಮೇಲೆ ತೆಗೆದುಕೊಂಡರೆ ವಾಕರಿಕೆ ಕಡಿಮೆ. ಚಹಾದ ಜೊತೆಗೂ ಕ್ಯಾಲ್ಸಿಯಂ ಮಾತ್ರೆಯ ಜೊತೆಗೂ ನುಂಗಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಎಷ್ಟು ಕೊಟ್ಟರು ಎಂದು ಲೆಕ್ಕ ಹಾಕುವ ಬದಲು ಹಾಳೆಯಲ್ಲಿ ಎಷ್ಟು ಗುಳಿ ಖಾಲಿಯಾಗಿದೆ ಎಂದು ನೋಡುವವರು ಬೇಕು.

ಬಾಣಂತನದ ಮನೆಯಲ್ಲಿ ತೀರ್ಮಾನ ಅಜ್ಜಿಯದು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ 3, 7, 14, 21, 28, 42ನೇ ದಿನ ಮನೆಗೆ ಬಂದು ತಾಯಿ-ಮಗುವನ್ನು ನೋಡಬೇಕು. ಆ ಕೊನೆಯ ಭೇಟಿಯ ದಿನವೇ ಮಗುವಿಗೆ ಆರು ವಾರ. ಬಾಣಂತಿ ಹೊಸಲು ದಾಟುವಂತಿಲ್ಲ ಎನ್ನುವ ಮನೆಯಲ್ಲಿ ಸರಿಯಾಗಿ ಅದೇ ಸುತ್ತು ತಪ್ಪುತ್ತದೆ. ಕೂಸನ್ನು ಅಜ್ಜಿಯೇ ಕಾರ್ಡು ಹಿಡಿದು ಎತ್ತಿಕೊಂಡು ಬಂದರೂ ಆದೀತು ಎಂದು ತಿಳಿಸಿದರೆ ಅರ್ಧ ಸಮಸ್ಯೆ ಕಳೆಯಿತು. ಹಾಗಾಗಿ ತಾಯಂದಿರ ಸಭೆಗಿಂತ ಅಜ್ಜಿಯರ ಸಭೆ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ನಮ್ಮ ದೃಢ ಅಭಿಪ್ರಾಯ.

ಅಜ್ಜಿಗೆ ಹೇಳುವಾಗ ಮುಚ್ಚುಮರೆ ಬೇಡ. ಆರನೇ ವಾರ ಒಂದೇ ದಿನ ಮೂರು ಸೂಜಿ ಬೀಳುತ್ತವೆ: ಎಡತೊಡೆಗೆ ಪೆಂಟಾ, ಬಲತೊಡೆಗೆ ನ್ಯುಮೋನಿಯಾ ತಡೆಯುವ ಪಿಸಿವಿ, ತೋಳಿಗೆ ಪೋಲಿಯೊ. ಜೊತೆಗೆ ಬಾಯಿಗೆ ಪೋಲಿಯೊ ಮತ್ತು ಭೇದಿ ತಡೆಯುವ ರೋಟಾ. ಪೆಂಟಾ ಒಂದರಲ್ಲೇ ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ಸೇರಿ ಐದು ಕಾಯಿಲೆಗೆ ತಡೆಯಿದೆ. ಅಂದು ರಾತ್ರಿ ಜ್ವರ ಬರಬಹುದು, ತೊಡೆ ಊದಬಹುದು, ಕೂಸು ರಚ್ಚೆ ಹಿಡಿಯಬಹುದು. ಸೂಜಿ ಹಾಕಿದ ಜಾಗಕ್ಕೆ ತಣ್ಣೀರ ಬಟ್ಟೆ ಇಡಿ, ಉಜ್ಜಬೇಡಿ, ಸಿಸ್ಟರ್ ಹೇಳಿದ ಅಳತೆಯಲ್ಲಷ್ಟೇ ಜ್ವರದ ಔಷಧಿ ಕೊಡಿ, ಎದೆಹಾಲು ನಿಲ್ಲಿಸಬೇಡಿ. ಹುಟ್ಟಿದಾಗ ಎಡತೋಳಿಗೆ ಹಾಕಿದ, ಕ್ಷಯ ತಡೆಯುವ ಬಿಸಿಜಿ ಕೆಲವು ವಾರದ ಮೇಲೆ ಗುಳ್ಳೆಯಾಗಿ, ಒಡೆದು, ಕಲೆಯಾಗಿ ಉಳಿಯುತ್ತದೆ. ಅದಕ್ಕೆ ಅರಿಸಿನ, ಮುಲಾಮು ಏನೂ ಬೇಡ. ಮೊದಲೇ ಹೇಳಿದ್ದರೆ ಜ್ವರ ಬಂದಾಗ ‘ಅವರು ಹೇಳಿದ್ದರಲ್ಲ’ ಅನ್ನುತ್ತಾರೆ, ಹೇಳದಿದ್ದರೆ ‘ಇನ್ನು ಸೂಜಿ ಬೇಡ’ ಅನ್ನುತ್ತಾರೆ.

ಈ ಜಾರಿಕೆಯನ್ನು ಅಳೆಯುವುದು ಸುಲಭ. ಮೊದಲ ಪೆಂಟಾ ಪಡೆದವರು 20, ಮೂರನೆಯದು ಪಡೆದವರು 15 ಎಂದಿಟ್ಟುಕೊಳ್ಳಿ. ಐದು ಮಕ್ಕಳು ಜಾರಿದರು, ಅಂದರೆ ನೂರಕ್ಕೆ 25. ಇದು 10 ದಾಟಿದರೆ ಆ ಊರಿನಲ್ಲಿ ಏನೋ ಕೆಟ್ಟಿದೆ ಎಂದು ತಿಳಿಯಬೇಕು. ಮೊದಲ ಡೋಸಿಗೇ ಬರದಿದ್ದರೆ ನಂಬಿಕೆಯದೋ ದೂರದ್ದೋ ತೊಡಕು. ಬಂದು ಆಮೇಲೆ ಬಿಟ್ಟಿದ್ದರೆ ಜ್ವರದ ಹೆದರಿಕೆಯೋ, ತವರಿನ ಓಡಾಟವೋ, ಹಿಂದಿನ ವಾರ ಸುಮ್ಮನೆ ಕಾದು ಹಿಂತಿರುಗಿದ ಬೇಸರವೋ ಕಾರಣ.

ಈ ಕೊನೆಯದರ ಬಗ್ಗೆ ಒಂದು ಮಾತು. ದಢಾರ-ರುಬೆಲ್ಲಾ ಲಸಿಕೆಯ ಬಾಟಲಿಯಲ್ಲಿ ಹಲವು ಡೋಸ್ ಇರುತ್ತವೆ. ಪುಡಿಗೆ ದ್ರಾವಣ ಬೆರೆಸಿದ ಮೇಲೆ ನಾಲ್ಕು ಗಂಟೆಯೊಳಗೆ ಬಳಸಬೇಕು, ಉಳಿದದ್ದು ಚೆಲ್ಲಬೇಕು. ವ್ಯರ್ಥವಾದೀತು ಎಂಬ ಆತಂಕಕ್ಕೆ ‘ಇನ್ನೆರಡು ಮಕ್ಕಳು ಬರಲಿ, ಮುಂದಿನ ವಾರ ಬನ್ನಿ’ ಎಂದು ಕಳಿಸುವುದುಂಟು. ನಿಯಮ ಹಾಗಿಲ್ಲ, ಒಂದೇ ಮಗು ಬಂದರೂ ಬಾಟಲಿ ತೆರೆಯಬೇಕು. ಕೂಲಿ ಬಿಟ್ಟು ಬಂದ ತಾಯಿ ಮತ್ತೊಂದು ಗುರುವಾರದ ಕೂಲಿಯನ್ನೂ ಬಿಡುತ್ತಾಳೆಂದು ನಂಬಿ ಕೂರುವಂತಿಲ್ಲ.

ತಾಂಡಾ, ಇಟ್ಟಿಗೆ ಗೂಡು, ಕಬ್ಬು ಕಡಿಯುವವರ ಗುಡಿಸಲು, ಬೆಂಗಳೂರಿನ ಕಟ್ಟಡ ಕೆಲಸದವರ ಶೆಡ್ಡು ಯಾವ ಆಶಾ ವ್ಯಾಪ್ತಿಗೂ ಸಲೀಸಾಗಿ ಬರುವುದಿಲ್ಲ. ಅಲ್ಲಿ ಹಗಲು ಹನ್ನೊಂದಕ್ಕೆ ಹೋದರೆ ಬೀಗ ಕಾಣುತ್ತದೆ. ಮೇಸ್ತ್ರಿಯ ಜೊತೆ ಮಾತಾಡಿ ಕೆಲಸಕ್ಕೆ ಹೊರಡುವ ಮುಂಚೆ ಹೋಗಬೇಕು. ಕಾರ್ಡು ಕಳೆದಿದೆ, ತಿಂಗಳು ಮೀರಿದೆ ಎಂದು ವಾಪಸು ಕಳಿಸುವ ಹಾಗಿಲ್ಲ. ಬಿಟ್ಟುಹೋದ ಲಸಿಕೆಯನ್ನು ಮೊದಲಿನಿಂದ ಶುರುಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಿದರಾಯಿತು. ಆದರೆ ಬಿಸಿಜಿಗೆ, ಪೆಂಟಾ ಮತ್ತು ರೋಟಾದ ಮೊದಲ ಡೋಸಿಗೆ ಒಂದು ವರ್ಷದ ಗಡುವಿದೆ. ದಢಾರದ್ದನ್ನು ಐದು ವರ್ಷದವರೆಗೂ ಹಾಕುತ್ತಾರೆ.

ಇನ್ನು ನಮ್ಮ ಹಣದ ವಿಚಾರ. ಪ್ರತಿ ಹಳ್ಳಿಯಲ್ಲಿ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಎಂಬುದಿದೆ, ವರ್ಷಕ್ಕೆ 10,000 ರೂಪಾಯಿ ಅದಕ್ಕೆ ನಿಗದಿ. ನಿಮ್ಮೂರಲ್ಲಿ ಅದು ಕೊನೆಯ ಸಲ ಯಾವಾಗ ಸೇರಿತು ಎಂದು ಕೇಳಿ ತಿಳಿಯಿರಿ. ಅದು ನಡೆಯುತ್ತಿದ್ದರೆ ಅದರ ಮೂಲಕ, ಇಲ್ಲವಾದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯನ್ನು ಕೇಳಿಕೊಂಡು, ಮೂರು ಬಾಬ್ತಿಗೆ ಕೊಡುವುದು ಒಳ್ಳೆಯದು: ದೂರದ ತಾಂಡಾದಿಂದ ಗುರುವಾರದ ಆಟೊ ಬಾಡಿಗೆ, ಆಶಾಗಳ ಫೋನ್ ರೀಚಾರ್ಜ್, ಲಸಿಕೆಯಾದ ಮೇಲೆ ಅರ್ಧ ಗಂಟೆ ಕಾಯುವವರಿಗೆ ನೆರಳು, ಬೆಂಚು, ಕುಡಿಯುವ ನೀರು. ಔಷಧಿ, ಲಸಿಕೆ ಕೊಂಡು ಕಳಿಸಬೇಡಿ. ಲಸಿಕೆ 2ರಿಂದ 8 ಡಿಗ್ರಿಯಲ್ಲೇ ಇರಬೇಕು, ಆ ವ್ಯವಸ್ಥೆ ಇರುವುದು ಸರ್ಕಾರದ ಕೈಯಲ್ಲಿ.

ರಜೆಗೆ ಕೂಸಿನೊಂದಿಗೆ ಊರಿಗೆ ಹೊರಟವರೂ, ಹೆರಿಗೆಗೆಂದೇ ತವರಿಗೆ ಹೋಗುವವರೂ ಇಲ್ಲಿನ ಲಸಿಕೆ ದಾಖಲೆಯ ಪ್ರತಿ ಒಯ್ಯಿರಿ. ಎರಡು ದೇಶಗಳ ಪಟ್ಟಿ ಒಂದೇ ಅಲ್ಲ. ಬಿಸಿಜಿಯನ್ನು ಎಲ್ಲ ಮಕ್ಕಳಿಗೂ ಹಾಕದ ದೇಶಗಳಿವೆ. ಏನು ಆಗಿದೆ, ಏನು ಬಾಕಿ ಎಂದು ಹೊರಡುವ ಮೊದಲೇ ಇಲ್ಲಿನ ವೈದ್ಯರಲ್ಲಿ ಕೇಳಿ ಬರೆಸಿಕೊಳ್ಳಿ. ಊರಿನಲ್ಲಿ ತಂಗಿಯದೋ ನಾದಿನಿಯದೋ ಸೀಮಂತ ಇದ್ದರೆ, ಉಡುಗೊರೆಯ ಮಾತಾಡುವ ಅದೇ ಫೋನಿನಲ್ಲಿ ತವರೂರಿನ ಆಶಾ ನಂಬರು ಬರೆದುಕೊಂಡಿದ್ದೀರಾ ಎಂದು ಅಮ್ಮನನ್ನು ಕೇಳಿ.

— ಸಂಪಾದಕ ಮಂಡಳಿ