ಡ್ರೈವ್ ರಿಪೇರಿಗೆ ಇನ್ಮೇಲೆ ಎರಡು ದಿನ ಬೇಕು

ನಮ್ಮ ಕಾಫಿ ಎಸ್ಟೇಟ್, ಕಾಫಿ ಬೀಜ ಹದ ಮಾಡೋ ಕ್ಯೂರಿಂಗ್ ವರ್ಕ್ಸ್, ರೈಸ್ ಮಿಲ್ ಗ್ರಾಹಕರಿಗೆಲ್ಲ ನಮಸ್ಕಾರ.

ಈ ಪಲ್ಪಿಂಗ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ) ಸೀಸನ್ನಿಂದ ಬೆಳಿಗ್ಗೆ ತಂದ ಡ್ರೈವ್ (ಮೋಟರ್ ವೇಗ ಹೆಚ್ಚು ಕಮ್ಮಿ ಮಾಡೋ ಎಲೆಕ್ಟ್ರಾನಿಕ್ ಪೆಟ್ಟಿಗೆ) ಸಂಜೆಗೇ ಕೊಡೋಕಾಗಲ್ಲ, ಎರಡು ದಿನ ನಮ್ಮಲ್ಲೇ ಇರ್ಬೇಕು, ಲೇಬರ್ ಕೂಡ 1,200 ರೂಪಾಯಿ ಇದ್ದದ್ದು 1,800 ಮಾಡಿದೀವಿ. ಹಣ್ಣು ಕೊಯ್ದು ರಾಶಿ ಬಿದ್ದಿರುವಾಗ ಪಲ್ಪರ್ ನಿಂತ್ರೆ ಏನು ಸಂಕಟ ಅಂತ ನಮಗೂ ಗೊತ್ತು, ದಯವಿಟ್ಟು ಕ್ಷಮಿಸಿ.

ಆದ್ರೆ "ಒಂದು ಐಜಿಬಿಟಿ ಹಾಕೋಕೆ ಎರಡು ದಿನ ಯಾಕ್ರೀ, ಬೇರೆ ಕಡೆ ಒಂದು ಗಂಟೇಲಿ ಹಾಕ್ಕೊಡ್ತಾರೆ" ಅಂತ ಕೇಳಿ ಕೇಳಿ ಬೇಜಾರಾಗಿದೆ, ಅದಕ್ಕೇ ಬಿಡಿಸಿ ಹೇಳ್ತೀನಿ. ಐಜಿಬಿಟಿ ಅಂದ್ರೆ ಡ್ರೈವ್ ಒಳಗೆ ಮೋಟರಿಗೆ ಹೋಗೋ ಕರೆಂಟನ್ನ ಆನ್-ಆಫ್ ಮಾಡೋ ಎಲೆಕ್ಟ್ರಾನಿಕ್ ಸ್ವಿಚ್, ಅದು ಕೂತಿರೋ ಪಾರ್ಟೇ ಮಾಡ್ಯೂಲ್. ಹಾಕೋದು ನಮಗೂ ಒಂದೇ ಗಂಟೆ, ಅದು ಯಾಕೆ ಸುಟ್ಟಿತು ಅಂತ ಹುಡುಕೋಕೇ ಟೈಮ್ ಹಿಡಿಯೋದು. 415 ವೋಲ್ಟ್ ಒಳಗೆ ಹೋಗಿ ಡಿಸಿ ಆದಾಗ ಸುಮಾರು 585 ವೋಲ್ಟ್ ಆಗುತ್ತೆ, ಅದರ ಮಧ್ಯೆ ಪ್ರತಿ ಫೇಸಿಗೂ ಮೇಲೊಂದು ಕೆಳಗೊಂದು ಐಜಿಬಿಟಿ, ಎರಡೂ ಒಟ್ಟಿಗೆ ಆನ್ ಆಯ್ತೋ ನೇರ ಶಾರ್ಟ್, ತಡ್ಕೊಳೋದು 10 ಮೈಕ್ರೋಸೆಕೆಂಡ್ ಆಸುಪಾಸು ಅಷ್ಟೇ. ಒಂದು ಸುಟ್ಟಾಗ ಅದರ ಗೇಟಿಗೆ (ಆನ್-ಆಫ್ ಮಾಡಿಸೋ ಕಾಲಿಗೆ) ಸಿಗ್ನಲ್ ಕೊಡೋ ಆಪ್ಟೋ, ಝೀನರ್, ರೆಸಿಸ್ಟರ್ ಅನ್ನೋ ಸಣ್ಣ ಪಾರ್ಟೆಲ್ಲ ಎಷ್ಟೋ ಸಲ ಜೊತೇಲೇ ಹೋಗಿರುತ್ತೆ, ಕಣ್ಣಿಗೆ ಕಾಣಲ್ಲ. ಅದನ್ನ ನೋಡದೆ ಹೊಸ ಮಾಡ್ಯೂಲ್ ಕೂರಿಸಿದ್ರೆ ಸ್ಟಾರ್ಟ್ ಕೊಟ್ಟ ಕೂಡ್ಲೇ ಅದೂ ಹೋಗುತ್ತೆ. ಹೋದ ಸೀಸನ್ನಲ್ಲಿ ನಿಮ್ಮ ಅವಸರಕ್ಕೆ ಓಗೊಟ್ಟು ಹೀಗೆ ನಾಲ್ಕು ಮಾಡ್ಯೂಲ್ ಸುಟ್ವು, ನಾಲ್ಕರ ದುಡ್ಡೂ ನಾವೇ ಹಾಕಿದ್ವಿ, ಯಾರ ಬಿಲ್ಲಿಗೂ ಸೇರಿಸ್ಲಿಲ್ಲ, ಆದ್ರೂ ದುಬಾರಿ ಅನ್ನೋ ಹೆಸರು ನಮಗೇ ಬಂತು. ಈಗ ಗೇಟ್ ಸಿಗ್ನಲ್ ಆರನ್ನೂ ಸ್ಕೋಪಲ್ಲಿ (ಸಿಗ್ನಲ್ಲನ್ನ ಪರದೆ ಮೇಲೆ ತೋರಿಸೋ ಮೀಟರಲ್ಲಿ) ನೋಡಿ, ಮೋಟರ್ ಕಟ್ಟಿ ಲೋಡಲ್ಲಿ ಓಡಿಸಿದ್ಮೇಲೇ ಕೊಡೋದು. ಅಗ್ಗದ ಮಾಡ್ಯೂಲ್ ಹಾಕಲ್ಲ, ಯಾವತ್ತೂ ಹಾಕಿಲ್ಲ.

ಇನ್ನೊಂದು, ಸ್ಪೇರ್ ಅಂತ ಎರಡು ಮೂರು ವರ್ಷ ಸ್ಟೋರಲ್ಲಿಟ್ಟ ಡ್ರೈವನ್ನ ಏಕ್‌ದಂ ಲೈನಿಗೆ ಕೊಡ್ಬೇಡಿ. ಡ್ರೈವಲ್ಲಿ ಕರೆಂಟ್ ಕೂಡಿಡೋ ಕೆಪಾಸಿಟರ್ ಸುಮ್ನೆ ಇಟ್ರೆ ಒಳಗಿನ ಆಕ್ಸೈಡ್ ಪದರ ಸೊರಗಿರುತ್ತೆ, ಕಮ್ಮಿ ವೋಲ್ಟೇಜಿಂದ ಗಂಟೆಗಟ್ಟಲೆ ನಿಧಾನ ಏರಿಸ್ಬೇಕು. ನಮ್ಮ ಮಳೆಗಾಲದ ಥಂಡಿ ಬೇರೆ. ತಂದುಕೊಡಿ, ಅದಕ್ಕೆ ಲೇಬರ್ ತಗೊಳಲ್ಲ.

ತೀರಾ ಅರ್ಜೆಂಟ್ ಇದ್ರೆ 10 ಎಚ್‌ಪಿ ತನಕ ಎರಡು ಡ್ರೈವ್ ಬದಲಿಗೆ ಕೊಡೋಕೆ ಅಂತ್ಲೇ ಇಟ್ಟಿದೀವಿ, ಬಾಡಿಗೆ ಬೇಡ, ನಿಮ್ಮದು ರೆಡಿಯಾದ್ಮೇಲೆ ವಾಪಸ್ ಕೊಟ್ರೆ ಸಾಕು. ಮೂಡಿಗೆರೆ, ಆಲ್ದೂರು ಕಡೆಯವರು ಎಸ್ಟೇಟ್ ರೈಟರ್ (ಗುಮಾಸ್ತ) ಕೈಲಿ ಕಳಿಸಿದ್ರೂ ನಡೆಯುತ್ತೆ. ಬಿಚ್ಚೋಕೆ ಮುಂಚೆ ಮಾತ್ರ ಮೇನ್ ಆಫ್ ಮಾಡಿ ಹತ್ತು ನಿಮಿಷ ಕಾಯೋಕೆ ಹೇಳಿ, ಡಿಸ್‌ಪ್ಲೇ ಆರಿದ್ರೂ ಕೆಪಾಸಿಟರಲ್ಲಿ ಕರೆಂಟ್ ಉಳಿದಿರುತ್ತೆ.

ಚಿಕ್ಕಮಗಳೂರು ವರ್ಕ್‌ಶಾಪಿಂದ, ನಿಮ್ಮವನೇ