ಒಂಬತ್ತನೇ ತರಗತಿ ಪೋಷಕರಿಗೆ: ಮಕ್ಕಳ ಮಳೆ ಲೆಕ್ಕದ ಬಗ್ಗೆ

ಮಾನ್ಯ ಪೋಷಕರೇ, ನಮಸ್ಕಾರ.

ನಿಮ್ಮ ಮಕ್ಕಳು ಈಗ ಕಂಪ್ಯೂಟರ್ ಲ್ಯಾಬ್‌ನಲ್ಲಿ ಚಿತ್ರದುರ್ಗ ಜಿಲ್ಲೆಯ ಆರೂ ತಾಲ್ಲೂಕುಗಳ ವಾರ್ಷಿಕ ಮಳೆಯನ್ನು ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಬಳಸಿ, ಅಂಕಿಗಳ ಹರವನ್ನು ಪೆಟ್ಟಿಗೆಯಾಗಿ ತೋರಿಸುವ ಬಾಕ್ಸ್ ಪ್ಲಾಟ್‌ನಲ್ಲಿ ಬಿಡಿಸುತ್ತಿದ್ದಾರೆ. ಪರೀಕ್ಷೆಗೆ ಬಾರದ್ದನ್ನು ಯಾಕೆ ಕಲಿಸುತ್ತೀರಿ ಎಂದು ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ಕೇಳಬೇಕಾದ ಪ್ರಶ್ನೆಯೇ.

ಬರೀ ಸರಾಸರಿ ನಂಬಿಕೊಂಡು ನಮ್ಮ ಸೀಮೆಯಲ್ಲಿ ಬಿತ್ತನೆ ಮಾಡಲಾಗದು. ಒಂದು ಊರಲ್ಲಿ ಐದು ವರ್ಷ 480, 490, 500, 510, 520 ಮಿ.ಮೀ. ಮಳೆಯಾಯಿತು ಎಂದಿಟ್ಟುಕೊಳ್ಳಿ. ಇನ್ನೊಂದರಲ್ಲಿ 250, 350, 450, 600, 850. ಎರಡರ ಸರಾಸರಿಯೂ 500. ಆದರೆ ಎರಡನೇ ಊರಲ್ಲಿ ಶೇಂಗಾ ಹಾಕಿದವರ ಪಾಡೇ ಬೇರೆ. ಬಾಕ್ಸ್ ಪ್ಲಾಟ್‌ನಲ್ಲಿ ನಡುವಿನ ಅರ್ಧದಷ್ಟು ಅಂಕಿಗಳು ಪೆಟ್ಟಿಗೆಯೊಳಗೆ ಬರುತ್ತವೆ: ಮೊದಲ ಊರಿನ ಪೆಟ್ಟಿಗೆ 490ರಿಂದ 510ರವರೆಗೆ ಮಾತ್ರ, ಎರಡನೆಯದು 350ರಿಂದ 600ರವರೆಗೆ. ಒಳಗಿನ ಅಡ್ಡಗೆರೆ ಮಧ್ಯಾಂಕ, ಅಂದರೆ ಅಂಕಿಗಳನ್ನು ಏರಿಕೆಯಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವ ಅಂಕಿ. ಪೆಟ್ಟಿಗೆಯ ಅಂಚಿನಿಂದ ಅದರ ಎತ್ತರದ ಒಂದೂವರೆ ಪಟ್ಟಿಗಿಂತ ದೂರ ಹೋದ ವರ್ಷ ಒಂಟಿ ಚುಕ್ಕೆಯಾಗಿ ಕಾಣುತ್ತದೆ. ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜಾನ್ ಟೂಕಿ 1970ರ ದಶಕದಲ್ಲಿ ಬಳಕೆಗೆ ತಂದ ವಿಧಾನ ಇದು. ಅಂಥ ಚುಕ್ಕೆ ಕಂಡರೆ ತಪ್ಪೆಂದು ಅಳಿಸಬೇಡಿ ಎಂದು ಮಕ್ಕಳಿಗೆ ಒತ್ತಿ ಹೇಳಿದ್ದೇವೆ. 1933ರ ಬಳಿಕ ವಾಣಿವಿಲಾಸ ಸಾಗರ ಜಲಾಶಯ ಮತ್ತೆ ಕೋಡಿ ಬಿದ್ದ 2022ರಂಥ ವರ್ಷವೂ ನಮ್ಮದೇ ಮಳೆ.

ಸೀಬಾರ್ನ್ ಎಂಬ ಪೈಥಾನ್ ಲೈಬ್ರರಿಗೆ (ಚಿತ್ರ ಬಿಡಿಸುವ ಸಿದ್ಧ ಕೋಡ್‌ಗಳ ಸಂಗ್ರಹ) ಅಡ್ಡಕ್ಕೆ ತಾಲ್ಲೂಕು, ಉದ್ದಕ್ಕೆ ಮಳೆ ಎಂದು ಒಂದೇ ಸಾಲಿನಲ್ಲಿ ಹೇಳಿದರೆ ಸಾಕು, ಗುಂಪು ಗುಂಪಾಗಿ ಪೆಟ್ಟಿಗೆಗಳು ಮೂಡುತ್ತವೆ. ಕಷ್ಟವಿರುವುದು ಅದಕ್ಕೂ ಮೊದಲು. ಪಟ್ಟಿಯಲ್ಲಿ ಒಂದು ಕಡೆ ‘ಹೊಳಲ್ಕೆರೆ’, ಇನ್ನೊಂದು ಕಡೆ ‘ಹೊಳಲಕೆರೆ’ ಎಂದಿದ್ದರೆ ಕಂಪ್ಯೂಟರ್‌ಗೆ ಅವು ಎರಡು ತಾಲ್ಲೂಕು. ಆರರ ಬದಲು ಏಳು ಪೆಟ್ಟಿಗೆ ಬರುತ್ತವೆ. ಹೆಸರಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಸ್ಪೇಸ್ ಉಳಿದರೂ ಅದೇ ಕಥೆ. ಇದನ್ನು ಹುಡುಕಿ ಸರಿಪಡಿಸುವ ತಾಳ್ಮೆಯೇ ನನ್ನ ಮಟ್ಟಿಗೆ ಈ ಪಾಠದ ದೊಡ್ಡ ಲಾಭ. ಐದಾರೇ ಅಂಕಿಗಳಿರುವ ಗುಂಪಿಗೆ ಪೆಟ್ಟಿಗೆಯ ಮೇಲೆ ಆ ಅಂಕಿಗಳ ಚುಕ್ಕೆಗಳನ್ನೂ ಹಾಕಿಸುತ್ತೇವೆ. ಇಲ್ಲದಿದ್ದರೆ ಕಡಿಮೆ ಮಾಹಿತಿಯೂ ಗಟ್ಟಿ ಮಾಹಿತಿಯಂತೆ ತೋರುತ್ತದೆ.

ಇದಕ್ಕಾಗಿ ಲ್ಯಾಪ್‌ಟಾಪ್ ಕೊಳ್ಳುವುದು ಬೇಡ. ಪೈಥಾನ್, ಸೀಬಾರ್ನ್ ಎರಡೂ ಉಚಿತ, ಲ್ಯಾಬ್‌ನಲ್ಲಿ ಹಾಕಿಸಿದ್ದೇವೆ. ಪ್ರತಿ ಮಗುವೂ ಮೊದಲು ಗ್ರಾಫ್ ಹಾಳೆಯಲ್ಲಿ ಕೈಯಾರೆ ಒಂದನ್ನು ಬಿಡಿಸಬೇಕು, ಆಮೇಲೆ ಕಂಪ್ಯೂಟರ್. ದಯವಿಟ್ಟು ಮನೆಯಲ್ಲಿ ನೀವೇ ಬಿಡಿಸಿಕೊಡಬೇಡಿ.

ನಿಮ್ಮಿಂದ ಬೇಕಾದದ್ದು ಒಂದೇ. ಹೊಲದ ಇಳುವರಿ ಅಥವಾ ಮಳೆಯ ಲೆಕ್ಕ ಬರೆದಿಟ್ಟ ಹಳೆಯ ಪುಸ್ತಕ ಮನೆಯಲ್ಲಿದ್ದರೆ ಆ ಪುಟಗಳ ಜೆರಾಕ್ಸ್ ಪ್ರತಿಯನ್ನು ಬರುವ ಶನಿವಾರದೊಳಗೆ ಮಕ್ಕಳ ಕೈಯಲ್ಲಿ ಕಳಿಸಿಕೊಡಿ. ವರ್ಷ, ಊರು ಮತ್ತು ಅಳತೆ ಕ್ವಿಂಟಲ್ಲೋ ಚೀಲವೋ ಎಂಬುದನ್ನು ಮೇಲೆ ಬರೆದಿರಲಿ.

ಇಂತಿ,
ಮುಖ್ಯ ಶಿಕ್ಷಕರು
ಚಿತ್ರದುರ್ಗ