ಗುಡ್ಡಕ್ಕಲ್ಲ, ಗುಂಡಿಗೆ ಬೇಲಿ ಹಾಕಿ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಓದುಗರ ಅಂಕಣದಲ್ಲಿ ಹಿರಿಯರೊಬ್ಬರ ಪತ್ರ ಓದಿದೆ. ಭಾನುವಾರ ಬೆಳಿಗ್ಗೆ ಹೆಲ್ಮೆಟ್ ಹಾಕಿಕೊಂಡು ಸೈಕಲ್‌ನಲ್ಲಿ ಗುಡ್ಡಕ್ಕೆ ಹೋಗುವವರು ನಾಳೆ ಎಲ್ಲಾದರೂ ಬಿದ್ದು ಸತ್ತರೆ ಯಾರು ಹೊಣೆ, ದಾರಿಗೆ ಗೇಟ್ ಹಾಕಿಬಿಡಿ ಎಂದು ಅವರು ಬರೆದಿದ್ದರು. ಹಾಗೆ ಹೋಗುವವರಲ್ಲಿ ನಾನೂ ಒಬ್ಬ. ಅವರ ಹೆದರಿಕೆ ಸುಳ್ಳಲ್ಲ. ಆದರೆ ಗೇಟ್ ಎಲ್ಲಿಗೆ ಬೇಕು ಅನ್ನುವ ವಿಷಯದಲ್ಲಿ ಎರಡು ಮಾತು ಹೇಳಬೇಕು ಅನ್ನಿಸಿತು.

ನಾವು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಐದು ಮಂದಿ. ಒಬ್ಬರು ಶಾಲೆ ಮಾಷ್ಟ್ರು, ಒಬ್ಬ ಅಡಿಕೆ ಕೃಷಿಕ, ಇಬ್ಬರು ದಿನಾ ರೈಲಿನಲ್ಲಿ ಮಂಗಳೂರಿಗೆ ಹೋಗಿ ಬರುವವರು, ಮತ್ತೆ ಪೇಟೆಯಲ್ಲಿ ಅಂಗಡಿ ಇಟ್ಟಿರುವ ನಾನು. ಒಂಬತ್ತು ವರ್ಷದಿಂದ ಒಟ್ಟಿಗೇ ಗುಡ್ಡ ಸುತ್ತುತ್ತಿದ್ದೇವೆ.

ನಮಗೆ ವರ್ಷ ಶುರುವಾಗುವುದು ನವರಾತ್ರಿ ಕಳೆದ ಮೇಲೆ. ಆಗ ಮಳೆ ಬಿಟ್ಟಿರುತ್ತದೆ, ಪದವಿನ, ಅಂದರೆ ಕೆಂಪುಕಲ್ಲಿನ ಬೋಳುಗುಡ್ಡದ, ಪಾಚಿ ಒಣಗಿ ಕಲ್ಲು ಟೈರಿಗೆ ಹಿಡಿತ ಕೊಡುತ್ತದೆ, ಮುಳಿಹುಲ್ಲು ಸೊಂಟದೆತ್ತರ ಬಂದಿರುತ್ತದೆ. ಡಿಸೆಂಬರ್, ಜನವರಿಯಲ್ಲಿ ಪೊಸಡಿಗುಂಪೆ ಗುಡ್ಡಕ್ಕೆ. ಎತ್ತರ ಸಾವಿರ ಅಡಿಗಿಂತ ಸ್ವಲ್ಪ ಜಾಸ್ತಿ ಅಷ್ಟೆ. ಆದರೆ ಮಂಜು ಸರಿದರೆ ಒಂದು ಕಡೆ ಕಡಲು, ಇನ್ನೊಂದು ಕಡೆ ಘಟ್ಟ, ಎರಡೂ ಕಾಣುತ್ತವೆ. ಮಾರ್ಚ್ ಬಂದರೆ ಗೇರುಬೀಜ ಹೆಕ್ಕುವ ಕಾಲ. ಬೆಳಕು ಹರಿಯುವಾಗ ಹೊರಟು ಒಂಬತ್ತಕ್ಕೆ ಮನೆ ಸೇರದಿದ್ದರೆ ಕಲ್ಲು ದೋಸೆ ಕಾವಲಿಯ ಹಾಗೆ ಕಾಯುತ್ತದೆ. ಟಿಟ್ಟಿಭ ಮೊಟ್ಟೆ ಇಡುವುದೂ ಆಗಲೇ. ಗೂಡು ಅಂತ ಏನೂ ಇರುವುದಿಲ್ಲ, ಸುಮ್ನೆ ಕಲ್ಲಹರಳಿನ ನಡುವೆ ಒಂದು ತಗ್ಗು, ಅದರಲ್ಲಿ ಆ ಹರಳಿನದೇ ಬಣ್ಣದ ನಾಲ್ಕು ಮೊಟ್ಟೆ. ಹಕ್ಕಿ ತಲೆಯ ಮೇಲೆ ಕಿರುಚುತ್ತಾ ಸುತ್ತಿತು ಅಂದರೆ ನಾವು ಸೈಕಲ್ ಇಳಿದು, ಬಂದ ದಾರಿಯಲ್ಲೇ ವಾಪಸ್. ಮಳೆಗಾಲದಲ್ಲಂತೂ ಪದವಿನ ಮೇಲೆ ಚಕ್ರ ಇಡುವುದೇ ಇಲ್ಲ. ಜಾರುತ್ತದೆ ಅನ್ನುವುದು ಒಂದು ಕಾರಣ. ಆ ತೆಳು ಮಣ್ಣಿನಲ್ಲಿ ಅರಳುವ ಪುಟ್ಟ ನೀಲಿ ಹೂ, ಮಲಯಾಳದವರು ಓಣಂ ಹೂವಿನ ರಂಗೋಲಿಗೆ ತರುವ ಕಾಕ್ಕಪ್ಪೂ, ಅದು ಹಾಳಾಗಬಾರದು ಅನ್ನುವುದು ಇನ್ನೊಂದು.

ಫೆಬ್ರವರಿಯಲ್ಲಿ ನಮ್ಮಲ್ಲಿ ಇಬ್ಬರು ಮೂವರು ಹಿಮಕ್ಕೆ ಹೋಗುತ್ತೇವೆ. ಮೊದಲ ಸಲ ಮಂಗಳೂರಿನಿಂದ ಕಟ್ರಾಕ್ಕೆ ಹೋಗುವ ನವಯುಗ ಎಕ್ಸ್‌ಪ್ರೆಸ್ ಹತ್ತಿ, ದಿನಗಟ್ಟಲೆ ರೈಲಿನಲ್ಲಿ ಕೂತು, ಅಲ್ಲಿಂದ ಮುಂದೆ ಕಾಶ್ಮೀರದ ಗುಲ್ಮಾರ್ಗ್ ಸೇರಿದ್ದೆವು. ಅಲ್ಲಿ ಕೇಬಲ್ ಕಾರ್ ಇದೆ, ಅಫರ್ವತ್ ಬೆಟ್ಟದಲ್ಲಿ ಹತ್ತಿರ ಹತ್ತಿರ 4,000 ಮೀಟರ್ ಎತ್ತರಕ್ಕೆ ಕೂತೇ ಹೋಗಬಹುದು. ನಮಗೆ ಇಷ್ಟ ಆದದ್ದು ಕಾಲಿಗೆ ಸ್ಕೀ, ಅಂದರೆ ಹಿಮದ ಮೇಲೆ ಜಾರುವ ಉದ್ದ ಹಲಗೆ, ಕಟ್ಟಿಕೊಂಡು ನಡೆದೇ ಹತ್ತುವುದು. ಸ್ಕೀಯ ಅಡಿಗೆ ಒಂದು ಪಟ್ಟಿ ಅಂಟಿಸುತ್ತಾರೆ. ಅದರ ರೋಮ ಒಂದೇ ದಿಕ್ಕಿಗೆ ಮಲಗಿರುತ್ತದೆ. ದನದ ಮೈ ಸವರಿ ನೋಡಿದ್ದೀರಲ್ವಾ, ರೋಮದ ದಿಕ್ಕಿಗೆ ನುಣುಪು, ಎದುರು ಸವರಿದರೆ ಒರಟು. ಹಾಗೆಯೇ ಇದು ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಬಿಡುವುದಿಲ್ಲ. ಹತ್ತುವಾಗ ಹಿಮ್ಮಡಿ ಬಿಟ್ಟಿರುತ್ತದೆ, ಇಳಿಯುವಾಗ ಪಟ್ಟಿ ಕಿತ್ತು ಚೀಲಕ್ಕೆ ತುಂಬಿಸಿ ಹಿಮ್ಮಡಿ ಬಿಗಿಯಬೇಕು. ಮೂರು ಗಂಟೆ ಏದುಸಿರು ಬಿಟ್ಟು ಹತ್ತಿದ್ದನ್ನು ಹತ್ತು ನಿಮಿಷದಲ್ಲಿ ಇಳಿದು ಮುಗಿಸುತ್ತೇವೆ. ಆ ಹತ್ತು ನಿಮಿಷದ ಖುಷಿಯನ್ನು ಹೇಳಿ ತಿಳಿಸಲು ನನಗೆ ಬರುವುದಿಲ್ಲ.

ಆದರೆ ನಾನು ಈ ಪತ್ರ ಬರೆಯುವುದಕ್ಕೆ ಕಾರಣ ಇಳಿಯುವ ಖುಷಿಯಲ್ಲ, ಹೊರಡುವ ಮೊದಲು ಅಲ್ಲಿ ಮಾಡುವ ತಯಾರಿ. ಹಿಮ ಎಲ್ಲಿ ಕುಸಿಯಬಹುದು ಎಂದು ರಕ್ಷಣಾ ಸಂಶೋಧನೆ ನಡೆಸುವ ಡಿಆರ್‌ಡಿಒದ ಚಂಡೀಗಢದ ಸಂಸ್ಥೆಯೊಂದು ಮುನ್ಸೂಚನೆ ಹೊರಡಿಸುತ್ತದೆ. ಗೈಡ್ ಅದನ್ನು ಓದಿ, ಬೆಟ್ಟದ ಇಳಿಜಾರು ಅಳೆದು, 30ರಿಂದ 45 ಡಿಗ್ರಿಯ ಜಾಗ ಇದ್ದರೆ ಎರಡು ಸಲ ಯೋಚಿಸುತ್ತಾನೆ, ಯಾಕೆಂದರೆ ಹಿಮ ಜಾಸ್ತಿ ಕುಸಿಯುವುದು ಅಂಥಲ್ಲೇ. ಪ್ರತಿಯೊಬ್ಬರ ಎದೆಗೂ ಒಂದು ಬೀಕನ್, ಅಂದರೆ ಹಿಮದಡಿ ಹೂತವರನ್ನು ಹುಡುಕುವ ಪುಟ್ಟ ರೇಡಿಯೋ ಯಂತ್ರ, ಕಟ್ಟಿರುತ್ತದೆ. ಯಾವ ಕಂಪನಿಯದ್ದಾದರೂ 457 ಕಿಲೋಹರ್ಟ್ಸ್‌ನಲ್ಲೇ ರೇಡಿಯೋ ಸಂಕೇತ ಕಳಿಸುತ್ತದೆ, ಹಾಗಾಗಿ ಯಾರ ಬೀಕನ್ ಬೇಕಾದರೂ ಯಾರನ್ನು ಬೇಕಾದರೂ ಹುಡುಕಬಲ್ಲದು. ಬೆಳಿಗ್ಗೆ ಗೈಡ್ ಒಂದು ಕಡೆ ನಿಲ್ಲುತ್ತಾನೆ, ನಾವು ಒಬ್ಬೊಬ್ಬರಾಗಿ ಅವನೆದುರು ಹಾದು ಹೋಗಬೇಕು. ಒಬ್ಬನ ಬೀಕನ್ ಕೂಗದಿದ್ದರೂ ಯಾರೂ ಹೊರಡುವ ಹಾಗಿಲ್ಲ. ಹಿಮದಡಿ ಸಿಕ್ಕಿದವನನ್ನು ಹತ್ತು ಹದಿನೈದು ನಿಮಿಷದೊಳಗೆ ತೆಗೆಯದಿದ್ದರೆ ಬದುಕುವ ಆಸೆ ಬೇಗ ಬೇಗ ಕಡಿಮೆಯಾಗುತ್ತದೆ. ಹೊರಗಿನಿಂದ ಜನ ಬರುವ ತನಕ ಕಾಯುವಂತಿಲ್ಲ, ಜೊತೆಗಿದ್ದ ಸ್ನೇಹಿತನೇ ಸಲಿಕೆ ಹಿಡಿದು ಅಗೆಯಬೇಕು. ನಮಗೆ ಅಭ್ಯಾಸಕ್ಕೆಂದು ಒಂದು ಚೀಲ ಹೂತಿಟ್ಟಿದ್ದರು. ಅದನ್ನು ಹುಡುಕಿ ತೆಗೆಯಲು ಮೊದಲ ಸಲ 22 ನಿಮಿಷ ಬೇಕಾಯಿತು. ಗೈಡ್ ಏನೂ ಬೈಯಲಿಲ್ಲ. ಗಡಿಯಾರ ತೋರಿಸಿ ಇನ್ನೊಮ್ಮೆ ಹೂತಿಟ್ಟ.

ಗುಲ್ಮಾರ್ಗ್‌ನ ಮೇಲಿನ ಖಿಲನ್‌ಮರ್ಗ್‌ನಲ್ಲಿ 2010ರ ಫೆಬ್ರವರಿಯಲ್ಲಿ ತರಬೇತಿಯಲ್ಲಿದ್ದ 17 ಸೈನಿಕರು ಹಿಮ ಕುಸಿದು ಸತ್ತರು. ಅಷ್ಟು ದೊಡ್ಡ ದುಃಖ ಆದ ಮೇಲೂ ಬೆಟ್ಟಕ್ಕೆ ಶಾಶ್ವತ ಗೇಟ್ ಹಾಕಲಿಲ್ಲ. ಅಪಾಯ ಇರುವ ದಿನ ಆ ಇಳಿಜಾರು ಮುಚ್ಚುತ್ತಾರೆ, ಹೋದ ಮೇಲೆ ತೆರೆಯುತ್ತಾರೆ.

ಇನ್ನು ನಮ್ಮ ಊರಿನ ಕಥೆ. ಹೋದ ನವೆಂಬರಿನಲ್ಲಿ ಒಂದು ಭಾನುವಾರ ಮಾಷ್ಟ್ರು ಮುಂದೆ ಇದ್ದರು. ನಾವು ಎಷ್ಟೋ ಸಲ ಹೋದ ಕಾಲುದಾರಿಯೇ, ನಡುವೆ ಎರಡು ವರ್ಷ ಆ ಕಡೆ ಹೋಗಿರಲಿಲ್ಲ. ಹುಲ್ಲಿನ ನಡುವೆ ದಾರಿ ನೇರ ಕಾಣುತ್ತಿತ್ತು. ಇದ್ದಕ್ಕಿದ್ದಂತೆ ಬ್ರೇಕಿನ ಕಿರ್ ಶಬ್ದ. ಓಡಿ ಹೋಗಿ ನೋಡಿದರೆ ಮುಂದಿನ ಚಕ್ರಕ್ಕೂ ಕಲ್ಲುಕೋರೆಯ ಅಂಚಿಗೂ ನಡುವೆ ಒಂದು ಗೇಣು. ಚಕ್ರ ತಳ್ಳಿದ ನಾಲ್ಕಾರು ಕೆಂಪುಕಲ್ಲಿನ ಚೂರು ಕೆಳಗೆ ಹೋದವು, ನೀರಿಗೆ ಬಿದ್ದ ಸದ್ದು ಆಮೇಲೆ ಕೇಳಿತು. ಮಾಷ್ಟ್ರ ಕೈ ಬ್ರೇಕ್ ಬಿಡಲೇ ಇಲ್ಲ, ನಾನು ಬೆರಳು ಒಂದೊಂದಾಗಿ ಬಿಡಿಸಿದೆ.

ಹಿಂದೆ ಕೈಯಲ್ಲಿ ಕಲ್ಲು ಕಡಿಯುತ್ತಿದ್ದಾಗ ಕೋರೆಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಜಾಗ ಇರುತ್ತಿತ್ತು. ಇದು ಮೆಷಿನ್‌ನಲ್ಲಿ ಕೊಯ್ದದ್ದು, ಗೋಡೆ ಹಲಗೆ ಇಟ್ಟ ಹಾಗೆ ನೇರ. ಬಿದ್ದವರು ಈಜು ಬಂದರೂ ಹತ್ತಲಾರರು. ಅಲ್ಲೇ ಹುಲ್ಲು ಕೊಯ್ಯುತ್ತಿದ್ದ ಅಕ್ಕ ಒಬ್ಬರು ಹತ್ತಿರ ಬಂದು, "ನಮ್ಮ ಗಬ್ಬದ ದನ ಇದರಲ್ಲೇ ಹೋದದ್ದು ಮಗಾ, ಸಂಜೆ ತನಕ ಸುತ್ತು ಈಜಿತು, ಹಗ್ಗ ಹಾಕಲು ಇಳಿಯುವುದು ಎಲ್ಲಿಂದ" ಅಂದರು. ಹಾಗೆ ಹೇಳಿ ಮತ್ತೆ ಕತ್ತಿ ತೆಗೆದುಕೊಂಡು ಹುಲ್ಲಿಗೆ ಬಗ್ಗಿದರು.

ಅವರು ಸೈಕಲ್ ಹೊಡೆಯುವುದಿಲ್ಲ. ಅವರ ದನವೂ ಸಾಹಸಕ್ಕೆ ಹೋದದ್ದಲ್ಲ. ಪದವಿನ ದಾರಿ ಬೇಕಾದದ್ದು ನಮಗಿಂತ ಮೊದಲು ಅಂಥವರಿಗೆ, ಶಾಲೆಗೆ ಅಡ್ಡದಾರಿ ಹಿಡಿಯುವ ಮಕ್ಕಳಿಗೆ, ರಾತ್ರಿ ಯಕ್ಷಗಾನ ನೋಡಿ ಟಾರ್ಚ್ ಹಿಡಿದು ಬರುವವರಿಗೆ. ಗೇಟ್ ಹಾಕಿದರೆ ಅವರೆಲ್ಲ ಸುತ್ತು ಬಳಸಿ ಹೋಗಬೇಕು, ಗುಂಡಿ ಮಾತ್ರ ಹಾಗೇ ಇರುತ್ತದೆ. ಹಿಮ ದಿನಾ ಬದಲಾಗುತ್ತದೆ, ಅದಕ್ಕೂ ಸೂಚನೆ ಕೊಡುವವರಿದ್ದಾರೆ. ನಮ್ಮ ಗುಂಡಿಗಳು ತೋಡಿದ ಜಾಗದಲ್ಲೇ ಇವೆ. ಅವುಗಳಿಗೆ ಒಂದು ಹಗ್ಗ, ಒಂದು ಬೋರ್ಡ್ ಇಲ್ಲ ಅನ್ನುವುದನ್ನು ನೆನೆದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ದೊಡ್ಡ ಖರ್ಚಿನ ಕೆಲಸವೂ ಅಲ್ಲ ಇದು. ಒಡೆದುಹೋಗಿ ಮಾರಾಟಕ್ಕೆ ಬಾರದ ಕಲ್ಲು ಪ್ರತಿ ಕೋರೆಯ ಪಕ್ಕದಲ್ಲೂ ರಾಶಿ ಬಿದ್ದಿರುತ್ತದೆ. ಅದನ್ನೇ ಸುತ್ತ ದನ ದಾಟಲಾರದಷ್ಟು ಎತ್ತರಕ್ಕೆ ಪೇರಿಸಿದರೆ ಸಾಕು, ದನವೂ ನಿಲ್ಲುತ್ತದೆ, ಮನುಷ್ಯನೂ ನಿಲ್ಲುತ್ತಾನೆ. ಮಣ್ಣಿರುವ ಕಡೆ ಮಳೆ ಶುರುವಾಗುವಾಗ ಬೇಲಿಗೆ ನೆಡುವ ಗ್ಲಿರಿಸಿಡಿಯಾ ಗಿಡದ ಗೂಟ ಊರಿದರೆ ಬೇಗ ಬೇರು ಬಿಡುತ್ತದೆ. ಒಂದು ಮೂಲೆಯಲ್ಲಿ ಹತ್ತಿ ಬರಲು ಮೆಟ್ಟಿಲು ಕಡಿದಿಡಿ. ಕಲ್ಲು ತೆಗೆಯಲು ಪರವಾನಗಿ ಕೊಡುವವರು ಇಷ್ಟನ್ನು ಮಾಡಿ ಮುಗಿಸದೆ ಕೋರೆ ಬಿಟ್ಟು ಹೋಗಲು ಬಿಡಬಾರದು. ಬೋರ್ಡ್ ಹಾಕುವುದಾದರೆ ಮಲಯಾಳ, ಕನ್ನಡ ಎರಡರಲ್ಲೂ ಹಾಕಿ. ಇಲ್ಲಿ ಹುಲ್ಲು ಕೊಯ್ಯುವ ಎಷ್ಟೋ ಅಕ್ಕಂದಿರಿಗೆ ಓದಲು ಬರುವುದು ಕನ್ನಡ ಮಾತ್ರ.

ನಾವು ಕೈಕಟ್ಟಿ ಕೂತಿಲ್ಲ. ಆ ಜಾಗದ ಯಜಮಾನರ ಒಪ್ಪಿಗೆ ಕೇಳಿ, ನಾಲ್ಕು ಭಾನುವಾರ ಸೈಕಲ್ ಬದಿಗಿಟ್ಟು ಕಲ್ಲು ಹೊತ್ತು, ಮಾಷ್ಟ್ರು ನಿಂತ ಆ ಅಂಚಿಗೆ ಗೋಡೆ ಕಟ್ಟಿದ್ದೇವೆ. ಹುಲ್ಲಿನ ಅಕ್ಕ ಕೊನೆಯ ಭಾನುವಾರ ಒಂದು ಕೊಡಪಾನ ಮಜ್ಜಿಗೆ ತಂದಿದ್ದರು. ನಮ್ಮ ದಾರಿಯ ಪಕ್ಕದಲ್ಲೇ ಇಂಥ 11 ಗುಂಡಿಗಳನ್ನು ಮೊಬೈಲಿನಲ್ಲಿ ಗುರುತು ಮಾಡಿದ್ದೇವೆ, ಉಳಿದದ್ದು ಹತ್ತು. ಪಟ್ಟಿ ಮತ್ತು ಮ್ಯಾಪ್ ಈ ಪತ್ರದ ಜೊತೆ ಇಟ್ಟಿದ್ದೇನೆ, ದಯವಿಟ್ಟು ಪ್ರಕಟಿಸಿ. ಕಳೆದ ವಾರ ಪತ್ರ ಬರೆದ ಹಿರಿಯರು ಒಂದು ದಿನ ನಮ್ಮ ಜೊತೆ ಬರಬೇಕು ಅಂತ ಆಸೆ. ಎರಡನೇ ಗುಂಡಿಯ ತನಕ ಜೀಪ್ ಹೋಗುತ್ತದೆ, ನಾವೇ ಮನೆಗೆ ಬಂದು ಕರೆದುಕೊಂಡು ಹೋಗುತ್ತೇವೆ.

ಇತಿ,
ಒಬ್ಬ ಓದುಗ, ಬದಿಯಡ್ಕ